ಎರಡು ಬಾಗಿಲಿನ ಸಣ್ಣ ಸ್ಪೋರ್ಟ್ಸ್ ಕೂಪೆ: ರೂಪಕ್ಕೆ ಒಲಿಯಬೇಕೇ, ಓಟಕ್ಕೆ ಒಲಿಯಬೇಕೇ?

ಪ್ರಶ್ನೆ (ಉದ್ಯಮಬಾಗ, ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗದಲ್ಲಿ ಒಂದು ಸಣ್ಣ ಫೌಂಡ್ರಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ, ನಡೆಸುತ್ತೇನೆ. ಇಷ್ಟು ವರ್ಷ ಮನೆಗೂ ಕೆಲಸಕ್ಕೂ ಒಂದೇ ಡೀಸೆಲ್ ಸೆಡಾನ್ ಸಾಕಾಗಿತ್ತು. ಈಗ ಮಗಳ ಓದು ಮುಗಿದಿದೆ, ಯಂತ್ರಗಳ ಮೇಲಿನ ಸಾಲವೂ ತೀರಿದೆ. ನನಗೆಂದೇ ಒಂದು ಎರಡು ಬಾಗಿಲಿನ ಕಾರು ಕೊಳ್ಳಬೇಕೆಂದು ಮನಸ್ಸು ಮಾಡಿದ್ದೇನೆ. ಇದು ಇಂದಿನ ಆಸೆಯಲ್ಲ. 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಪುಟ್ಟ ಕಾರನ್ನು ಕ್ಯಾಂಪ್ ಪ್ರದೇಶದಲ್ಲಿ ಕಂಡ ದಿನದಿಂದಲೂ ಇದೆ. ಅದರ ಫೈಬರ್‌ಗ್ಲಾಸ್ ಮೈಯೊಳಗೆ ಇದ್ದದ್ದು ರೆನೋ ಕಂಪನಿಯ 1149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ಅಷ್ಟು ಚೆಂದದ ಮೈಗೆ ಇಷ್ಟು ಸಣ್ಣ ಎಂಜಿನ್ನೇ ಎಂದು ಆಗಲೇ ಮನಸ್ಸಿಗೆ ಚುಚ್ಚಿತ್ತು, ಮತ್ತು ಇಂದು ನಾನು ಕೇಳುತ್ತಿರುವ ಪ್ರಶ್ನೆಯೂ ಅಲ್ಲಿಂದಲೇ ಹುಟ್ಟಿದ್ದು.

ನನ್ನ ಮುಂದೆ ಈಗ ಎರಡು ಬಳಸಿದ ಕಾರುಗಳಿವೆ. ಒಂದು, ಪುಣೆಯಲ್ಲಿರುವ 2016ರ ಆಡಿ ಟಿಟಿ: 2.0 ಲೀಟರ್ ಟರ್ಬೊ ಪೆಟ್ರೋಲ್, 230 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ ಬಲ. ಇನ್ನೊಂದು, 2017ರಲ್ಲಿ ನೋಂದಣಿಯಾದ ಮೂರು ಬಾಗಿಲಿನ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ: 1.8 ಲೀಟರ್, 192 ಅಶ್ವಶಕ್ತಿ, ಬೆಲೆ ಟಿಟಿಯ ಅರ್ಧಕ್ಕಿಂತ ಕಡಿಮೆ. ಎರಡನೆಯದು ಹಿಂದಕ್ಕೆ ಇಳಿಜಾರಾದ ಚಾವಣಿಯ ಕೂಪೆಯಲ್ಲ, ಹಿಂಬದಿಯಲ್ಲಿ ಮೇಲೆತ್ತುವ ಬಾಗಿಲಿರುವ ಹ್ಯಾಚ್‌ಬ್ಯಾಕ್. ದೂರದಿಂದ ನೋಡಿದರೆ ಸಾಮಾನ್ಯ ಪೋಲೊದಂತೆಯೇ ಕಾಣುತ್ತದೆ. ನನ್ನ ಓಡಾಟ ಹೀಗಿದೆ: ದಿನವೂ ಟಿಳಕವಾಡಿಯಿಂದ ಉದ್ಯಮಬಾಗಕ್ಕೆ, ತಿಂಗಳಿಗೆ ಒಂದೆರಡು ಸಲ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನ ಮೂಲಕ ಗೋವಾಕ್ಕೆ, ಆಗಾಗ ಯರಗಟ್ಟಿ, ಲೋಕಾಪುರದ ದಾರಿಯಲ್ಲಿ ಬಾಗಲಕೋಟೆಯ ಅಕ್ಕನ ಮನೆಗೆ. ರೂಪಕ್ಕಾಗಿ ದುಪ್ಪಟ್ಟಿಗಿಂತ ಹೆಚ್ಚು ಹಣ ಕೊಡುವುದು ಸರಿಯೇ? ಅಥವಾ ಓಟದ ಕಸುವು ಕಡಿಮೆ ಬೆಲೆಗೆ ಸಿಗುವಾಗ ಅದನ್ನೇ ಹಿಡಿಯಬೇಕೇ? ಅನುಭವ ಇರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1 (ವಿಜಯಪುರ)

ನಾನು ನಾಲ್ಕು ವರ್ಷ ಒಂದು ತಗ್ಗಿನ ಕೂಪೆಯನ್ನು ವಿಜಯಪುರದಲ್ಲಿಯೇ ಇಟ್ಟುಕೊಂಡು ಓಡಿಸಿದ್ದೇನೆ, ಆದ್ದರಿಂದ ನೇರವಾಗಿ ಹೇಳುತ್ತೇನೆ: ಟಿಟಿ ಕೊಳ್ಳಿರಿ. ಅದರ ರೂಪಕ್ಕಾಗಿಯೇ ಕೊಳ್ಳಿರಿ, ಅಶ್ವಶಕ್ತಿಯ ಲೆಕ್ಕಕ್ಕಾಗಿ ಬೇಡ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ ಎಂದು ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದೆ. ಟಿಟಿ ನಿಂತಲ್ಲಿಂದ ಆ ವೇಗ ಮುಟ್ಟಲು 5.3 ಸೆಕೆಂಡು ತೆಗೆದುಕೊಳ್ಳುತ್ತದೆ, ಪೋಲೊ ಜಿಟಿಐ 7.2 ಸೆಕೆಂಡು. ಈ ಎರಡು ಸೆಕೆಂಡುಗಳ ವ್ಯತ್ಯಾಸವನ್ನು ನಾಲ್ಕು ವರ್ಷದಲ್ಲಿ ನಾನು ಎಷ್ಟು ಸಲ ಬಳಸಿಕೊಂಡೆನೆಂದು ಬೆರಳೆಣಿಸಿ ಹೇಳಬಲ್ಲೆ. ಕಾರಿನ ಹೆಗಲ ಗೆರೆಯನ್ನು ಮಾತ್ರ ದಿನವೂ ಬೆಳಗ್ಗೆ ಕಂಡಿದ್ದೇನೆ.

ಆದರೆ ರೂಪ ತನ್ನ ಜೊತೆಗೆ ಏನನ್ನು ತರುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಇಂಥ ಕಾರುಗಳ ಅಂದದಲ್ಲಿ ಅರ್ಧ ಪಾಲು ದೊಡ್ಡ ಚಕ್ರ, ತೆಳ್ಳಗಿನ ಟೈರಿನದು. ಭಾರತಕ್ಕೆ ಬಂದ ಟಿಟಿಗೆ 245/40 ಆರ್18 ಟೈರ್: ಅಗಲ 245 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 40, ರಿಮ್ 18 ಇಂಚು. ಅಂದರೆ ರಿಮ್ಮಿಗೂ ನೆಲಕ್ಕೂ ನಡುವೆ ಇರುವ ರಬ್ಬರ್ ಗೋಡೆ 98 ಮಿಲಿಮೀಟರ್ ಮಾತ್ರ. ನಮ್ಮ ಕಡೆಯದು ಎರಿ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಹೊಂಡ ಬೀಳದೆಯೂ ಅಲೆ ಅಲೆಯಾಗಿ ಏಳುತ್ತದೆ. ಹೆಚ್ಚು ಎತ್ತರದ ಮೆತ್ತನೆಯ ಕಾರಿನಲ್ಲಿ ಆ ಅಲೆ ತೊಟ್ಟಿಲಿನಂತೆ ತೂಗುತ್ತದೆ, ಗಡಸು ಸ್ಪ್ರಿಂಗಿನ ಕೂಪೆಯಲ್ಲಿ ಸೊಂಟಕ್ಕೆ ಬಡಿಯುತ್ತದೆ. ಮೊದಲ ವರ್ಷವೇ ಎರಡು ಟೈರುಗಳ ಪಕ್ಕದಲ್ಲಿ ಗುಳ್ಳೆ ಎದ್ದವು, ಒಂದು ರಿಮ್ ಬಾಗಿತು. ಆಮೇಲೆ ಚಳಿಗಾಲದಲ್ಲಿ ಒಂದು ಅಳತೆ, ಬೇಸಿಗೆಯಲ್ಲಿ ಒಂದು ಅಳತೆ ಎಂದು ಗಾಳಿಯ ಒತ್ತಡವನ್ನು ತಿಂಗಳಿಗೆರಡು ಸಲ ತಣ್ಣಗಿನ ಟೈರಿನಲ್ಲಿ ನೋಡುವುದನ್ನು ರೂಢಿಸಿಕೊಂಡೆ, ತೊಂದರೆ ಬಹುಮಟ್ಟಿಗೆ ನಿಂತಿತು. ಇಷ್ಟಕ್ಕೆ ಮನಸ್ಸು ಸಿದ್ಧವಿದ್ದರೆ ಹಿಂಜರಿಯಬೇಡಿ.

ಉತ್ತರ 2 (ನವನಗರ, ಬಾಗಲಕೋಟೆ)

ವಿಜಯಪುರದ ಮಿತ್ರರು ರಸ್ತೆಯ ಬಗ್ಗೆ ಹೇಳಿದ್ದೆಲ್ಲ ನಿಜ. ಆದರೆ ಓಟದ ಕಸುವನ್ನು ಅವರು ಕೇವಲ ಸೊನ್ನೆಯಿಂದ ನೂರರ ಲೆಕ್ಕಕ್ಕೆ ಇಳಿಸಿದ್ದಾರೆ, ಅದನ್ನು ಒಪ್ಪಲಾರೆ. ನಾನು ಆಟೋಮೊಬೈಲ್ ವಿಷಯವನ್ನು ಬೋಧಿಸುವವನು. ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲಿಯೇ ಹೇಳುವ ಮಾತೆಂದರೆ, ಕಾರಿನ ಸಾಮರ್ಥ್ಯ ಎಂಬುದರಲ್ಲಿ ವೇಗ ಹಿಡಿಯುವುದು ಒಂದು ಭಾಗ, ವೇಗ ಬಿಡುವುದು ಮತ್ತು ದಿಕ್ಕು ಬದಲಿಸುವುದು ಉಳಿದ ಭಾಗ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಂಜೆ ಏಳರ ಮೇಲೆ ಯರಗಟ್ಟಿಯಿಂದ ಲೋಕಾಪುರದ ಕಡೆಗೆ ಬನ್ನಿ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಹಿಂದೆ ಕೆಂಪು ದೀಪವಿಲ್ಲ, ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ನಿಮ್ಮ ದೀಪದ ಬೆಳಕಿಗೆ ಅದು ಕಾಣುವ ಹೊತ್ತಿಗೆ ಉಳಿದಿರುವ ದೂರ ಬಹಳ ಕಡಿಮೆ. ವೇಗ 80ರಿಂದ 100ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಚಲನಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಒಳ್ಳೆಯ ಬ್ರೇಕು, ಹಿಡಿತವಿರುವ ಟೈರು, ಗಟ್ಟಿಯಾಗಿ ಕುಳಿತ ಚಾಸಿ. ಅದೇ ಟ್ರ್ಯಾಕ್ಟರನ್ನು ಹಿಂದೆ ಹಾಕುವಾಗ ಬೇಕಾದದ್ದು 40ರಿಂದ 80ರ ನಡುವಿನ ಎಳೆತ. ಟಿಟಿಯಲ್ಲಿ 370 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಇದೆ, ಜಿಟಿಐಯಲ್ಲಿ 250. ಎದುರು ದಿಕ್ಕಿನ ಲೇನಿನಲ್ಲಿ ಕಳೆಯುವ ಸಮಯ ಕಡಿಮೆಯಾದಷ್ಟೂ ಒಳ್ಳೆಯದು, ಇದರಲ್ಲಿ ಶೋಕಿಯ ಮಾತೇನಿಲ್ಲ.

ಇನ್ನು ರೂಪಕ್ಕೂ ಓಟಕ್ಕೂ ಇರುವ ಸಂಬಂಧ. ಇದಕ್ಕೆ ಟಿಟಿಯ ಇತಿಹಾಸಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು. 1995ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದರ ಕಲ್ಪನೆಯ ಮಾದರಿಯನ್ನು ಇಟ್ಟಾಗ ಜನ ಆ ದುಂಡನೆಯ, ಮುಂದೆ ಹಿಂದೆ ಒಂದೇ ಬಾಗು ಇರುವ ಆಕಾರಕ್ಕೆ ಮರುಳಾದರು, ಮತ್ತು 1998ರಲ್ಲಿ ಕಾರು ಮಾರುಕಟ್ಟೆಗೆ ಬಂದಾಗ ಆ ಆಕಾರ ಬಹುತೇಕ ಹಾಗೆಯೇ ಉಳಿದಿತ್ತು. ಆದರೆ ಬಿಲ್ಲಿನಂತೆ ಇಳಿದ ಹಿಂಭಾಗದ ಮೇಲೆ ಗಾಳಿ ಹರಿದು ಹೋಗುವಾಗ ಅತಿ ವೇಗದಲ್ಲಿ ಹಿಂದಿನ ಚಕ್ರಗಳ ಮೇಲಿನ ಭಾರ ಹಗುರಾಗುತ್ತಿತ್ತು. ಜರ್ಮನಿಯ ಹೆದ್ದಾರಿಗಳಲ್ಲಿ ಲೇನ್ ಬದಲಿಸುವಾಗ, ತಿರುವಿನಲ್ಲಿ ಕಾರು ಹಿಡಿತ ತಪ್ಪಿ ಅಪಘಾತಗಳಾದವು, ಸಾವುಗಳೂ ಆದವು. ಕೊನೆಗೆ ಕಂಪನಿಯೇ ಮಾರಿದ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡು ಸಸ್ಪೆನ್ಷನ್ ಬದಲಿಸಿತು, ಇಎಸ್‌ಪಿ ಎಂಬ ಸ್ಥಿರತೆಯ ವ್ಯವಸ್ಥೆಯನ್ನು ಸೇರಿಸಿತು, ಗಾಳಿ ಹಿಂಭಾಗವನ್ನು ಎತ್ತದಂತೆ ತಡೆಯುವ ಸ್ಪಾಯ್ಲರ್ ಎಂಬ ಸಣ್ಣ ಪಟ್ಟಿಯನ್ನು ಡಿಕ್ಕಿಯ ಅಂಚಿಗೆ ಕೂಡಿಸಿತು. ಆ ಶುದ್ಧ ಗೆರೆಗೆ ಸ್ಪಾಯ್ಲರ್ ಒಂದು ಕಲೆ ಎಂದು ಹಲವರು ಆಗ ನೊಂದುಕೊಂಡರು. ನನಗೆ ಮಾತ್ರ ಆ ಅಂಚು ಕಾರಿನಲ್ಲಿ ಅತ್ಯಂತ ಪ್ರಾಮಾಣಿಕವಾದ ಭಾಗವಾಗಿ ಕಾಣುತ್ತದೆ. ನೀವು ನೋಡುತ್ತಿರುವುದು ಮೂರನೆಯ ತಲೆಮಾರು, ಅದರ ಸ್ಪಾಯ್ಲರ್ ವೇಗಕ್ಕೆ ತಕ್ಕಂತೆ ತಾನೇ ಏಳುತ್ತದೆ. ಕೊಳ್ಳುವಾಗ ಗುಂಡಿ ಒತ್ತಿ ಅದನ್ನು ಎರಡು ಮೂರು ಸಲ ಏರಿಸಿ ಇಳಿಸಿ ನೋಡಿರಿ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ 2012ರ ಟೊಯೋಟಾ 86. ಅದು ನಮ್ಮ ದೇಶದಲ್ಲಿ ಮಾರಾಟವಾಗಲಿಲ್ಲ, ಆದರೂ ನೆನೆಯಬೇಕಾದದ್ದು. 200 ಅಶ್ವಶಕ್ತಿ, ಟರ್ಬೊ ಇಲ್ಲ, ತೂಕ ಸುಮಾರು 1240 ಕಿಲೋ, ಮತ್ತು ಬೇಕೆಂದೇ ಹಾಕಿದ 215 ಅಗಲದ ಸಾಧಾರಣ ಟೈರು. ಹಿಡಿತದ ಮಿತಿ ಕಡಿಮೆ ವೇಗದಲ್ಲಿಯೇ ಚಾಲಕನ ಕೈಗೆ ತಿಳಿಯಲಿ, ಓಡಿಸುವ ಸಂತೋಷ ಅಲ್ಲಿಯೇ ಸಿಗಲಿ ಎಂಬುದು ಅದರ ಎಂಜಿನಿಯರುಗಳ ಉದ್ದೇಶವಾಗಿತ್ತು. ಚೋರ್ಲಾದಂತಹ ಇಕ್ಕಟ್ಟಾದ ಘಾಟಿಗೆ ಈ ವಿಚಾರ ಬಹಳ ಹೊಂದುತ್ತದೆ. ನಿಮ್ಮ ಎರಡು ಕಾರುಗಳಲ್ಲಿ ಈ ಗುಣಕ್ಕೆ ಹತ್ತಿರವಿರುವುದು ಜಿಟಿಐ. ಮಳೆಗಾಲದ ಕಣಕುಂಬಿಯಲ್ಲಿ ಮಂಜು, ನೀರು, ಕೆಸರು ಒಟ್ಟಿಗೆ ಬಂದಾಗ ನಾಲ್ಕು ಚಕ್ರಗಳ ಬಲವಿರುವ ಟಿಟಿ ಮುಂದೆ ನಿಲ್ಲುತ್ತದೆ. ಗೇರ್‌ಬಾಕ್ಸಿನಲ್ಲೂ ವ್ಯತ್ಯಾಸವಿದೆ. ಜಿಟಿಐಯ ಏಳು ಗೇರಿನ ಡಿಎಸ್‌ಜಿ ಎಂಬ ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿರುವುದು ಒಣ ಕ್ಲಚ್, ಊರೊಳಗಿನ ನಿಂತು ಸಾಗುವ ಓಟಕ್ಕೆ ಅದು ಬೇಗ ಬಿಸಿಯಾಗುತ್ತದೆ. ಟಿಟಿಯ ಆರು ಗೇರಿನದ್ದು ಎಣ್ಣೆಯಲ್ಲಿ ಮುಳುಗಿದ ಕ್ಲಚ್, ಅದಕ್ಕೆ 60,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಲೇಬೇಕು. ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಕಪ್ಲಿಂಗಿನ ಎಣ್ಣೆಯನ್ನೂ ಕಾಲಕಾಲಕ್ಕೆ ಬದಲಿಸಬೇಕು. ಹಳೆಯ ಬಿಲ್ಲುಗಳಲ್ಲಿ ಈ ಎರಡರ ದಾಖಲೆ ಇಲ್ಲದಿದ್ದರೆ ಬೆಲೆಯ ಮಾತನ್ನೇ ಎತ್ತಬೇಡಿ.

ಉತ್ತರ 3 (ಬೆಳಗಾವಿ)

ನಾನು ಬಾಡಿ ಕೆಲಸ ಮಾಡುವವನು, ಆ ಒಂದೇ ವಿಷಯ ಹೇಳುತ್ತೇನೆ. ಟಿಟಿಯ ಎಂಜಿನ್ನಿನ ಬಗ್ಗೆ ಭಯ ಬೇಡ. ಅದೇ ಬುಡಕಟ್ಟಿನ ಎಂಜಿನ್ ಸ್ಕೋಡಾ ಆಕ್ಟೇವಿಯಾ ಕಾರಿನಲ್ಲೂ ಇದೆ, ಬಿಡಿಭಾಗ ದೊರೆಯುತ್ತದೆ, ಕೈ ಪಳಗಿದ ಮೆಕ್ಯಾನಿಕ್‌ಗಳೂ ಇದ್ದಾರೆ. ದುಬಾರಿಯಾಗುವುದು ಅದರ ಚೆಲುವು. ಬಾನೆಟ್, ಬಾಗಿಲು, ಫೆಂಡರ್ ಅಲ್ಯೂಮಿನಿಯಂ. ಉಕ್ಕಿನ ಹಾಳೆಯಂತೆ ಅದನ್ನು ಬಡಿದು ಮೊದಲಿನ ಆಕಾರಕ್ಕೆ ತರಲು ಬರುವುದಿಲ್ಲ, ಉಕ್ಕಿಗೆ ಬಳಸಿದ ಉಜ್ಜುಗಲ್ಲನ್ನೇ ಅದಕ್ಕೂ ಬಳಸಿದರೆ ಕಬ್ಬಿಣದ ಪುಡಿ ಕಚ್ಚಿಕೊಂಡು ಬಣ್ಣದ ಅಡಿಯಲ್ಲಿ ಕೊರೆತ ಶುರುವಾಗುತ್ತದೆ. ಫೌಂಡ್ರಿಯವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ನವೆಂಬರಿನಲ್ಲಿ ಟಿಟಿಯ ತಯಾರಿಕೆಯೇ ನಿಂತಿದೆ. ಹೆಡ್‌ಲೈಟು, ಬಂಪರು, ಗಾಜು ಬೇರೆ ಯಾವ ಕಾರಿನದ್ದೂ ಕೂಡುವುದಿಲ್ಲ. ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಳೆಯದೆ ಹಣ ಕೊಡುವ ಶೂನ್ಯ ಸವಕಳಿ ವಿಮೆಯನ್ನು ಹಳೆಯ ಕಾರಿಗೆ ಎಲ್ಲ ಕಂಪನಿಗಳೂ ಕೊಡುವುದಿಲ್ಲ, ಕೊಳ್ಳುವ ಮೊದಲೇ ವಿಚಾರಿಸಿ. ಪುಣೆಯ ಕಾರಾದ್ದರಿಂದ ಅಲ್ಲಿಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಬೆಳಗಾವಿಯ ಕೆಎ 22 ನೋಂದಣಿಗೆ ಬದಲಿಸುವಾಗ ಕರ್ನಾಟಕದ ಜೀವಾವಧಿ ತೆರಿಗೆಯೂ ಬರುತ್ತದೆ. 20 ಲಕ್ಷ ಮೀರಿದ ಹೊಸ ಕಾರಿಗೆ ಅದು ಶೇಕಡಾ 18, ಹಳೆಯದಕ್ಕೆ ವಯಸ್ಸಿನ ಪ್ರಕಾರ ಕಡಿತವಿದೆ. ಆ ಮೊತ್ತವನ್ನೂ ಬೆಲೆಗೆ ಕೂಡಿಸಿ ಲೆಕ್ಕ ಹಾಕಿರಿ.

ಪ್ರಶ್ನೆ ಕೇಳಿದವರು (ಮೂರು ವಾರಗಳ ಬಳಿಕ)

ಎಲ್ಲರ ಉತ್ತರಗಳನ್ನೂ ಹಲವು ಸಲ ಓದಿದೆ. ಜಿಟಿಐಯನ್ನು ಅದರ ಮಾಲೀಕರೊಂದಿಗೆ ಕಣಕುಂಬಿಯವರೆಗೆ ಓಡಿಸಿ ನೋಡಿದೆ. ಬಾಗಲಕೋಟೆಯ ಉಪನ್ಯಾಸಕರು ಹೇಳಿದಂತೆ ಕಾರು ಕೈಗೆ ಎಲ್ಲವನ್ನೂ ತಿಳಿಸುತ್ತದೆ, ಎಂಜಿನ್ ನನ್ನ ಅಗತ್ಯಕ್ಕಿಂತ ಹೆಚ್ಚೇ ಇದೆ. ಆದರೂ ನನ್ನ ಮನಸ್ಸು ಟಿಟಿಯ ಕಡೆಗೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ದಿನವಿಡೀ ಅಚ್ಚುಗಳ ನಡುವೆ ಇರುವವನಿಗೆ ಒಂದು ಲೋಹದ ಹಾಳೆಯನ್ನು ಅಷ್ಟು ಹದವಾಗಿ ಬಾಗಿಸಿದ್ದಾರೆಂಬುದೇ ದೊಡ್ಡ ವಿಷಯ.

ಪುಣೆಗೆ ಹೋಗಿ ಕಾರನ್ನು ಓಡಿಸಿದೆ, ಎರಡೂ ಎಣ್ಣೆಗಳ ಬಿಲ್ಲು ಇವೆ. ಕಾರು ತಗ್ಗಾದ್ದರಿಂದ ನಮ್ಮ ದಾರಿಯ ಹಂಪುಗಳಿಗೆ (ರಸ್ತೆಯ ಉಬ್ಬುಗಳಿಗೆ) ತಾಗುತ್ತದೆಯೇ ಎಂದು ತಿಳಿಯಲು ಅಲ್ಲಿಯೇ ಟೇಪು ಹಿಡಿದು ಮುಂದಿನ ಚಕ್ರದಿಂದ ಬಂಪರಿನ ತುದಿಯವರೆಗೆ, ನೆಲದಿಂದ ಬಂಪರಿನ ಕೆಳ ಅಂಚಿನವರೆಗೆ, ಹೊಟ್ಟೆಯ ಕೆಳಗೆ ಎಲ್ಲ ಅಳತೆ ತಂದೆ. ಎರಕದ ಮಾದರಿಗಳನ್ನು ಮಾಡುವ ನಮ್ಮ ಪ್ಯಾಟರ್ನ್ ವಿಭಾಗದಲ್ಲಿ ಆ ಅಳತೆಗೆ ಪ್ಲೈವುಡ್ಡಿನ ಒಂದು ಆಕಾರ ಕೊಯ್ಯಿಸಿ, ಎರಡು ಚಕ್ರ ಕೂಡಿಸಿ, ಭಾನುವಾರ ಬೆಳಗಿನ ಜಾವ ಮನೆಯಿಂದ ಫೌಂಡ್ರಿಯವರೆಗಿನ ಪ್ರತಿ ಹಂಪಿನ ಮೇಲೂ ಅದನ್ನು ನಿಧಾನವಾಗಿ ಉರುಳಿಸಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಹಾಗೆ ಕಟ್ಟಿದ ಕಡೆಯಲ್ಲೆಲ್ಲ ಎಲ್ಲಿಯೂ ತಾಗಲಿಲ್ಲ. ಚಕ್ರಗಳ ನಡುವಿನ ಅಂತರ 2505 ಮಿಲಿಮೀಟರ್ ಮಾತ್ರ ಇರುವುದರಿಂದ ಹೊಟ್ಟೆ ಎಲ್ಲ ಕಡೆಯೂ ಪಾರಾಯಿತು. ಎರಡು ಕಡೆ ಮಾತ್ರ ಮೂಗು ಉಜ್ಜಿತು: ಒಂದು ರೈಲ್ವೆ ಫಾಟಕದ ಬಳಿಯ ಅಗಲ ಕಡಿಮೆ ಇರುವ ಹಂಪು, ಇನ್ನೊಂದು ನಮ್ಮ ಫೌಂಡ್ರಿಯ ಗೇಟಿನ ಇಳಿಜಾರು. ಗೇಟಿನದನ್ನು ನಾನೇ ಕಾಂಕ್ರೀಟು ಹಾಕಿಸಿ ಉದ್ದ ಮಾಡಿಸುತ್ತೇನೆ. ಫಾಟಕದ್ದನ್ನು ಓರೆಯಾಗಿ ದಾಟಿದರೆ ಒಂದು ಬೆರಳಿನಷ್ಟು ಜಾಗ ಉಳಿಯುತ್ತದೆ.

ಉಳಿದಿರುವುದು ಟೈರಿನ ಪ್ರಶ್ನೆ. ವಿಜಯಪುರದ ಮಿತ್ರರೇ, 18ರ ಬದಲು 17 ಇಂಚಿನ ಚಕ್ರ ಹಾಕಿದರೆ ಹೇಗೆ?

ಉತ್ತರ 4 (ವಿಜಯಪುರ)

ಧಾರಾಳವಾಗಿ ಹಾಕಬಹುದು. ಯುರೋಪಿನಲ್ಲಿ ಈ ಟಿಟಿ 225/50 ಆರ್17 ಟೈರಿನಲ್ಲಿಯೇ ಮಾರಾಟವಾಗಿದೆ. ಒಟ್ಟು ವ್ಯಾಸದಲ್ಲಿ ನಾಲ್ಕು ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ, ಆದ್ದರಿಂದ ಸ್ಪೀಡೋಮೀಟರ್ ಕೆಡುವುದಿಲ್ಲ. ಪಕ್ಕದ ಗೋಡೆ 98ರಿಂದ 112 ಮಿಲಿಮೀಟರಿಗೆ ಏರುತ್ತದೆ, ಎರಿ ಭೂಮಿಯ ಅಲೆಗಳಿಗೆ ಅಷ್ಟು ಸಾಕು. ರಿಮ್ಮಿನ ಒಳಮೈಗೂ ಮುಂದಿನ ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗೂ ನಡುವಿನ ಜಾಗವನ್ನು ಮಾತ್ರ ಕಣ್ಣಾರೆ ನೋಡಬೇಕು, ಕೊಳ್ಳುವ ಮೊದಲು ಒಂದು ಚಕ್ರವನ್ನಾದರೂ ಕೂಡಿಸಿ ಕೈಯಿಂದ ತಿರುಗಿಸಿರಿ. ನಾಲ್ಕೂ ಟೈರು ಒಂದೇ ತಯಾರಿಕೆಯವು, ಒಂದೇ ಸವೆತದವು ಇರಲಿ, ಇಲ್ಲದಿದ್ದರೆ ಹಿಂದಿನ ಕಪ್ಲಿಂಗಿಗೆ ಸುಮ್ಮನೆ ಕೆಲಸ ಬೀಳುತ್ತದೆ. 17ರಲ್ಲಿ ಕಾರು ಸ್ವಲ್ಪ ತೆಳ್ಳಗೆ ಕಾಣುತ್ತದೆ ಎಂದು ಕೆಲವರು ಹೇಳುತ್ತಾರೆ. ಬೇಕಿದ್ದರೆ ನಿಮ್ಮ 18ರ ಜೋಡಿಯನ್ನು ಮಾರದೆ ಮನೆಯಲ್ಲಿ ಇಟ್ಟುಕೊಳ್ಳಿ. ನಾನು ಹಾಗೆಯೇ ಇಟ್ಟಿದ್ದೆ, ದಸರೆಯ ಪೂಜೆಯ ದಿನ ಮಾತ್ರ ಹಾಕುತ್ತಿದ್ದೆ.