ಧಾರವಾಡದಲ್ಲಿ ಕಡಲಿನ ಮೇಲೆ ಕಲಾ ಪ್ರದರ್ಶನ: ಏನೇನು ಇಡಬಹುದು?

ಡ್ರಾಯಿಂಗ್ ಅಕ್ಕೋರು, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಡ್ರಾಯಿಂಗ್ ಟೀಚರುಗಳು, ಜೊತೆಗೆ ಜೀವಶಾಸ್ತ್ರ ಕಲಿಸುವ ಒಂದಿಬ್ಬರು ಸೇರಿ ಈ ಚಳಿಗಾಲ ಒಂದು ಪ್ರದರ್ಶನ ಮಾಡಬೇಕು ಅಂತಿದ್ದೇವೆ. ವಿಷಯ ಉತ್ತರ ಕನ್ನಡದ ಕರಾವಳಿ, ಅಲ್ಲಿನ ಜೀವಿಗಳು, ಅವು ಬದುಕುವ ರೀತಿ. ಈಗ ಬಂದಿರುವ ಚಿತ್ರಗಳು ಬರೀ ಸೂರ್ಯಾಸ್ತ, ದೋಣಿ, ಅಲೆ. ಚೆನ್ನಾಗಿಯೇ ಇವೆ, ಆದರೆ ಗೋಕರ್ಣವೋ ಗೋವೆಯೋ ಗೊತ್ತೇ ಆಗಲ್ಲ. ಪಕ್ಕದಲ್ಲಿ ಉದ್ದುದ್ದ ಬೋರ್ಡು ಹಾಕಿದರೆ ಯಾರೂ ಓದಲ್ಲ. ಚಿತ್ರ ನೋಡುತ್ತಲೇ ವಿಷಯ ತಿಳಿಯಬೇಕು, ಅದು ಹೇಗೆ? ನಮ್ಮ ಮಕ್ಕಳಲ್ಲಿ ಸಮುದ್ರ ನೋಡದವರೇ ಜಾಸ್ತಿ. ದುಡ್ಡೂ ಕಡಿಮೆ.

ಕಲಘಟಗಿ ಕಡೆಯವ

ಅಕ್ಕೋರೆ, ಕಡಲಿನಿಂದ ಶುರು ಮಾಡಬೇಡಿ, ಧಾರವಾಡದಿಂದಲೇ ಶುರು ಮಾಡಿ. ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲಾ ಮುಂದೆ ಬೇಡ್ತಿ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನೋ ಹೆಸರಲ್ಲಿ ಅಂಕೋಲಾ ತಾಲ್ಲೂಕಿನ ಮಂಜಗುಣಿ ಬಳಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಊರಿನ ಇನ್ನೊಂದು ಮಗ್ಗುಲಲ್ಲಿ ಬಿದ್ದ ಮಳೆ ಬೆಣ್ಣಿಹಳ್ಳ ಹಿಡಿದು ಮಲಪ್ರಭಾ, ಕೃಷ್ಣಾ ಸೇರಿ ಬಂಗಾಳ ಕೊಲ್ಲಿಗೆ. ಅಂದರೆ ನಮ್ಮೂರ ಮಳೆ ಎರಡು ಸಮುದ್ರಕ್ಕೆ ಹಂಚಿಹೋಗುತ್ತದೆ! ಇದು ಇಲ್ಲಿನ ಎಷ್ಟು ಜನಕ್ಕೆ ಗೊತ್ತು? ಗೋಡೆ ಉದ್ದಕ್ಕೂ ಒಂದೇ ಬಟ್ಟೆ ಕಟ್ಟಿ ಶಾಲ್ಮಲಾದ ದಾರಿ ಬರೆಸಿ. ಮಗು ಅದರ ಜೊತೆ ನಡೆಯುತ್ತಾ ಅಳಿವೆಗೆ, ಅಂದರೆ ನದಿ ಕಡಲು ಸೇರುವ ಜಾಗಕ್ಕೆ ಬರಲಿ.

ಅಳಿವೆಯ ಜಾಗವನ್ನು ಎರಡು ಸಲ ಬರೆಯಿರಿ, ಉಬ್ಬರದಲ್ಲಿ ಒಂದು, ಸುಮಾರು 6 ಗಂಟೆ ಬಿಟ್ಟು ಇಳಿತದಲ್ಲಿ ಇನ್ನೊಂದು. ಮೊದಲನೆಯದರಲ್ಲಿ ಬರೀ ನೀರು. ಎರಡನೆಯದರಲ್ಲಿ ಕೆಸರು, ಬಳಚು (ಚಿಪ್ಪಿನ ಜೀವಿ) ಹೆಕ್ಕುವ ಹೆಂಗಸರು, ಏಡಿ ಬಿಲ, ಮೇಲಕ್ಕೆ ಚಾಚಿದ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು. ಕೆಸರಲ್ಲಿ ಗಾಳಿ ಇಲ್ಲ, ಅದಕ್ಕೇ ಬೇರು ಉಸಿರಾಡಲು ಮೇಲೆ ಬರುತ್ತದೆ. ಇದಕ್ಕೆ ಬೋರ್ಡು ಯಾಕೆ ಬೇಕು?

ನೂಲು ಸೂಜಿ, ಹುಬ್ಬಳ್ಳಿ

ಅಕ್ಕೋರೆ, ಕ್ರೋಶಾ, ಅಂದರೆ ಕೊಕ್ಕೆ ಸೂಜಿಯಲ್ಲಿ ನೂಲಿನ ಹೆಣಿಗೆ ಮಾಡುವವರನ್ನು ಸೇರಿಸಿಕೊಳ್ಳಿ. ಮಾರ್ಗರೆಟ್ ಮತ್ತು ಕ್ರಿಸ್ಟಿನ್ ವರ್ಥೈಮ್ ಅನ್ನೋ ಅಕ್ಕತಂಗಿಯರು 2005ರಲ್ಲಿ ಕ್ರೋಶಾದಲ್ಲೇ ಹವಳದ ದಿಬ್ಬ ಹೆಣೆಯಲು ಶುರು ಮಾಡಿದರು. ಬೇರೆ ಬೇರೆ ದೇಶಗಳ ಸಾವಿರಾರು ಹೆಂಗಸರು ಕೈಜೋಡಿಸಿದ್ದಾರೆ, 2019ರಲ್ಲಿ ಅದು ವೆನಿಸ್ ಬಿನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನಕ್ಕೂ ಹೋಯಿತು. ಇದರ ಹಿಂದೆ ಗಣಿತ ಇದೆ. ಪ್ರತಿ ಸಾಲಿನಲ್ಲೂ ಇಷ್ಟು ಹೊಲಿಗೆಗೆ ಒಂದು ಹೆಚ್ಚು ಅಂತ ಕೂಡಿಸುತ್ತಾ ಹೋದರೆ ಹೆಣಿಗೆ ಸಪಾಟಾಗಿ ಕೂರಲ್ಲ, ನಿರಿಗೆ ನಿರಿಗೆಯಾಗಿ ಏಳುತ್ತದೆ. ಈ ಆಕಾರವನ್ನು ಕ್ರೋಶಾದಲ್ಲಿ ಮಾಡಬಹುದು ಅಂತ 1997ರಲ್ಲಿ ತೋರಿಸಿದವರು ಡೈನಾ ತೈಮಿನಾ ಅನ್ನೋ ಗಣಿತಜ್ಞೆ. ಹವಳಕ್ಕೂ ಅದೇ ನಿರಿಗೆ, ಸಣ್ಣ ಜಾಗದಲ್ಲೇ ಮೈ ದೊಡ್ಡದಾಗುತ್ತದೆ, ಆಹಾರ ಹಿಡಿಯಲು ಅನುಕೂಲ.

ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳ ಇದೆ. ಅರ್ಧ ಬಣ್ಣದ ನೂಲಲ್ಲಿ, ಅರ್ಧ ಬಿಳಿ ನೂಲಲ್ಲಿ ಮಾಡಿ. ನೀರು ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಅದು ಕಣ್ಣಿಗೇ ಕಾಣುತ್ತದೆ. ನಮ್ಮ ಓಣಿಯಲ್ಲಿ ಹೆಣೆಯುವವರು ಬೇಕಾದಷ್ಟಿದ್ದಾರೆ, ಹೇಳಿ, ಕೇಳುತ್ತೇನೆ.

ಹಳೇ ಕೆಮಿಸ್ಟ್ರಿ

ಸಯನೋಟೈಪ್, ಅಂದರೆ ಬಿಸಿಲಿನಿಂದ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸೋದು, ಮಾಡಿ, ಮಕ್ಕಳ ಕೈಲೇ ಮಾಡಿಸಬಹುದು. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣ ಬೆರೆಸಿ ಮಂದ ಬೆಳಕಿನಲ್ಲಿ ಕಾಗದಕ್ಕೆ ಹಚ್ಚಿ ಒಣಗಿಸಬೇಕು. ಮೇಲೆ ಕಡಲ ಪಾಚಿ ಇಟ್ಟು ಬಿಸಿಲಿಗೆ ಹಿಡಿದು ನೀರಲ್ಲಿ ತೊಳೆದರೆ ಬಿಸಿಲು ಬಿದ್ದಲ್ಲಿ ಗಾಢ ನೀಲಿ, ಪಾಚಿ ಇದ್ದಲ್ಲಿ ಬಿಳಿ. ಆನಾ ಅಟ್ಕಿನ್ಸ್ 1843ರಲ್ಲೇ ಬ್ರಿಟನ್ನಿನ ಕಡಲ ಪಾಚಿಗಳನ್ನು ಹೀಗೆ ದಾಖಲಿಸಿದ್ದರು, ಕಲೆಯೂ ಹೌದು ವಿಜ್ಞಾನವೂ ಹೌದು. ಮಕ್ಕಳಿಗೆ ಗ್ಲೌಸ್ ಹಾಕಿಸಿ. ದಡಕ್ಕೆ ಬಂದು ಬಿದ್ದ ಪಾಚಿ ಸಾಕು, ಬಂಡೆಯಿಂದ ಕೀಳಬೇಡಿ.

ಇನ್ನೊಂದು ಮಾತು. ಯಾರಾದರೂ ಮನೆಯಲ್ಲಿದ್ದ ಹವಳ, ಒಣಗಿದ ಸಮುದ್ರಕುದುರೆ ತಂದುಕೊಟ್ಟರೆ ದಯವಿಟ್ಟು ಇಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅವಕ್ಕೆ ರಕ್ಷಣೆ ಇದೆ. ಮಾದರಿ ನೋಡಿ ಬರೆಯಬೇಕಿದ್ದರೆ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ್ದೇ ಕಡಲಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲಿದೆ, ಪತ್ರ ಬರೆದು ಕೇಳಿ.

ರಾಣೆಬೆನ್ನೂರು ಕಲ್ಲು

ನಮ್ಮ ಕಲ್ಲನ್ನು ಮರೆಯಬೇಡಿ. ರಾಣೆಬೆನ್ನೂರು ಸುತ್ತಲಿನ ಗ್ರೇವ್ಯಾಕ್ ಕಲ್ಲು ಸುಮಾರು 260 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಮರಳು, ಕೆಸರು ಪದರ ಪದರವಾಗಿ ಕೂತು ಆಗಿದ್ದು. ಮೇಲೆ ಕಾಗದ ಇಟ್ಟು ಇದ್ದಿಲು ಉಜ್ಜಿದರೆ ಪದರ ಮೂಡುತ್ತದೆ. ಸಮುದ್ರ ನೋಡದ ಮಗುವಿಗೆ ಸಮುದ್ರದ ತಳವನ್ನೇ ಮುಟ್ಟಿಸಬಹುದು ಅಲ್ವಾ? ಹಾಗೆಯೇ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ ಎರಡೂ 2024ರಲ್ಲಿ ಒಟ್ಟಿಗೇ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿದವು. ಚಳಿಗಾಲದಲ್ಲಿ ಮಾಗಡಿಗೆ ಪಟ್ಟೆತಲೆ ಹೆಬ್ಬಾತು ಬಂದಿರುತ್ತವೆ, ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಿ ಬರೆಸಿ.

ಡ್ರಾಯಿಂಗ್ ಅಕ್ಕೋರು, ಧಾರವಾಡ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಾಲ್ಮಲಾ ಬಟ್ಟೆ ಖಾಯಂ. ಬಾಗಿಲಲ್ಲೇ ಕಲ್ಲು ಇಡುತ್ತೇವೆ, ಉಜ್ಜಲು ಕಾಗದ ಇದ್ದಿಲು ಅಲ್ಲೇ ಇರುತ್ತದೆ. ಸೂರ್ಯಾಸ್ತದ ಚಿತ್ರಗಳನ್ನು ಬರೆದವರಿಗೆ ಅದೇ ಜಾಗವನ್ನು ಇಳಿತದಲ್ಲಿ ಬರೆಯಿರಿ ಅಂತ ಇವತ್ತೇ ಹೇಳುತ್ತೇನೆ. ರಾಣೆಬೆನ್ನೂರು ಸರ್, ಹಿಡಿಯಷ್ಟು ದೊಡ್ಡದು ಸಾಲದು, ಮಕ್ಕಳು ಸುತ್ತ ಕೂರುವಷ್ಟು ಕಲ್ಲು ಬೇಕು. ಕಳಿಸಲು ಆಗುತ್ತಾ? ಟೆಂಪೋ ಬಾಡಿಗೆ ನಮ್ಮದು.