ಮಲ್ಪೆಯಿಂದ ಕಂಡದ್ದು ವಿಕ್ರಮಾದಿತ್ಯನಾ, ಟ್ಯಾಂಕರಾ?

ಮಲ್ಪೆ ಹುಡುಗ:
ನಿನ್ನೆ ಸಂಜೆ ಬೀಚಿನಲ್ಲಿ ನಿಂತಾಗ ಸೇಂಟ್ ಮೇರೀಸ್ ದ್ವೀಪದಿಂದ ತುಂಬಾ ಆಚೆ ಒಂದು ಉದ್ದದ ಹಡಗು ಕಂಡಿತು. ಮೇಲ್ಗಡೆ ಚಪ್ಪಟೆ, ಒಂದು ಕಡೆ ಗೋಪುರದ ಹಾಗೆ ಎತ್ತರ. ಕಾರವಾರದ ನೌಕಾನೆಲೆ ನಮಗೆ ದೂರವೇನಲ್ಲ. ಅದು ಐಎನ್‌ಎಸ್ ವಿಕ್ರಮಾದಿತ್ಯ, ನಮ್ಮ ನೇವಿಯ ವಿಮಾನವಾಹಕ ಹಡಗು, ಅಂತ ನನ್ನ ವಾದ. ಗೆಳೆಯ "ಮೈಮೇಲೆ ಬರೆದ ನಂಬರ್ ನೋಡಿದ್ಯಾ?" ಅಂತ ನಗಾಡ್ತಾನೆ. ನಂಬರ್ ಕಾಣದೆ ಯುದ್ಧಹಡಗು ಗುರುತಿಸಲಿಕ್ಕೆ ಆಗುವುದೇ ಇಲ್ವಾ?

ಕಾಪು ಲೈಟ್‌ಹೌಸ್:
ಗೋಪುರ ಎಲ್ಲಿತ್ತು ಮಾರಾಯ? ಅದನ್ನು ಮೊದಲು ಹೇಳು. ಹಿಂದಿನ ತುದಿಯಲ್ಲಿದ್ದರೆ ಟ್ಯಾಂಕರೋ ಸರಕಿನ ಹಡಗೋ. ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ತರುವವು, ಪಣಂಬೂರಿಗೆ ಕಲ್ಲಿದ್ದಲು ತರುವವು ಎಲ್ಲ ಹೀಗೇ ಕಾಣುವುದು. ವಿಮಾನವಾಹಕದ ಗೋಪುರ ಬಲ ಮಗ್ಗುಲಲ್ಲಿ, ಸುಮಾರು ನಡುವೆ ಇರುತ್ತದೆ. ವಿಕ್ರಮಾದಿತ್ಯಕ್ಕಾದರೆ ಮೂತಿ ಮೇಲಕ್ಕೆ ಬಾಗಿರಬೇಕು. ಮಿಗ್-29ಕೆ ಯುದ್ಧವಿಮಾನ ಹಾರುವುದು ಆ ಇಳಿಜಾರಿನಿಂದಲೇ.

ಮಲ್ಪೆ ಹುಡುಗ:
ಹೆಚ್ಚುಕಡಿಮೆ ನಡುವೆಯೇ ಇತ್ತು. ಮೂತಿ ಸರಿಯಾಗಿ ಕಾಣಲಿಲ್ಲ.

ಕಾಪು ಲೈಟ್‌ಹೌಸ್:
ಕಾಣಲಿಕ್ಕೇ ಇಲ್ಲ. ಲೆಕ್ಕ ಹಾಕಿ ನೋಡು. ಮರಳಿನ ಮೇಲೆ ನಿಂತರೆ ನಿನ್ನ ಕಣ್ಣು ನೀರಿನಿಂದ ಎರಡು ಮೀಟರ್ ಎತ್ತರ. ದಿಗಂತ ಐದು ಕಿಲೋಮೀಟರಿಗೇ ಮುಗಿಯುತ್ತದೆ. ಹಡಗು 20 ಕಿ.ಮೀ. ದೂರದಲ್ಲಿದ್ದರೆ ಅದರ ಕೆಳಗಿನ 17-18 ಮೀಟರ್ ಭೂಮಿಯ ಬಾಗಿನ ಹಿಂದೆ ಮುಳುಗಿ ಹೋಗಿರುತ್ತದೆ. ಅಂದರೆ ಹೊಟ್ಟೆ ಪೂರ್ತಿ ಮಾಯ, ಡೆಕ್ ಕಂಡರೆ ಕಂಡೀತು, ಗೋಪುರ ಮಾತ್ರ ಎದ್ದು ನಿಂತಿರುತ್ತದೆ. ವಿಕ್ರಮಾದಿತ್ಯ 284 ಮೀಟರ್ ಉದ್ದ. ಅಷ್ಟು ದೂರದಲ್ಲಿ ಕೈ ಚಾಚಿ ಹೆಬ್ಬೆರಳು ಹಿಡಿದರೆ ಉಗುರಿನ ಅರ್ಧದಲ್ಲಿ ಇಡೀ ಹಡಗು ಅಡಗುತ್ತದೆ. ಅದರಲ್ಲಿ ನೀನು ನಂಬರ್ ಓದುವುದು ಹೇಗೆ? ನಮ್ಮ ಲೈಟ್‌ಹೌಸ್ ಹತ್ತಿದ್ದರೆ ಹೊಟ್ಟೆಯೂ ಕಾಣುತ್ತಿತ್ತು. ಅದು 27 ಮೀಟರ್, ಮೇಲಾಗಿ ಬಂಡೆಯ ಮೇಲೆ ಉಂಟು.

ಸುರತ್ಕಲ್ ಹಾಸ್ಟೆಲ್:
ಇಷ್ಟೆಲ್ಲ ಯಾಕೆ? ಹಡಗು ತೋರಿಸುವ ಆ್ಯಪ್ ತೆರೆದು ನೋಡಿ. ದೊಡ್ಡ ವಾಣಿಜ್ಯ ಹಡಗುಗಳಿಗೆ ಎಐಎಸ್, ಅಂದರೆ ತಾನು ಯಾರು, ಎಲ್ಲಿದ್ದೇನೆ ಅಂತ ರೇಡಿಯೋದಲ್ಲಿ ಸಾರುವ ಸಾಧನ, ಕಡ್ಡಾಯ. ಹೆಸರು, ಹಡಗಿನ ಏಳಂಕಿಯ ಅಂತರರಾಷ್ಟ್ರೀಯ ಗುರುತು (ಐಎಂಒ ನಂಬರ್) ಎಲ್ಲ ಬರುತ್ತದೆ. ಆ ಹೊತ್ತಿಗೆ ಅಲ್ಲಿ ಟ್ಯಾಂಕರ್ ಇದ್ದರೆ ವಿಷಯ ಅಲ್ಲಿಗೇ ಮುಗೀತು.

ಹಳೇ ನಾವಿಕ:
ಟ್ಯಾಂಕರ್ ಇದ್ದರೆ ಸರಿ. ಇಲ್ಲದಿದ್ದರೆ ಎಂತ ಸಾಬೀತಾಯಿತು? ಆ ನಿಯಮ ಯುದ್ಧಹಡಗಿಗೆ ಇಲ್ಲ. ಆ್ಯಪ್‌ನಲ್ಲಿ ಖಾಲಿ ಸಮುದ್ರ ಕಂಡರೆ ಅಲ್ಲಿ ಹಡಗೇ ಇಲ್ಲ ಅಂತ ಅರ್ಥವಲ್ಲ. ರೇಡಿಯೋ ನಂಬಿ ಕೆಟ್ಟವರ ಕಥೆಯೂ ಉಂಟು. 1971ರಲ್ಲಿ ಪಾಕಿಸ್ತಾನದ ಘಾಜಿ ಸಬ್‌ಮರೀನ್ ನಮ್ಮ ಹಳೆಯ ವಿಮಾನವಾಹಕ ವಿಕ್ರಾಂತನನ್ನು ಹುಡುಕಿಕೊಂಡು ಬಂತು. ವಿಕ್ರಾಂತ್ ಅಂಡಮಾನ್ ಕಡೆ ಇತ್ತು. ವಿಶಾಖಪಟ್ಟಣದಲ್ಲಿ ಐಎನ್‌ಎಸ್ ರಜಪೂತ್ ಸಿಕ್ಕಾಪಟ್ಟೆ ಸಂದೇಶ ಕಳಿಸಿ, ತಾನೇ ವಿಕ್ರಾಂತ್ ಅನ್ನುವ ಹಾಗೆ ನಾಟಕ ಆಡಿತು. ಘಾಜಿ ಅಲ್ಲೇ ಮುಳುಗಿತು. ಮುಳುಗಿದ್ದು ಹೇಗೆ ಅನ್ನುವುದಕ್ಕೆ ಎರಡು ದೇಶಗಳ ಉತ್ತರ ಬೇರೆ ಬೇರೆ, ಅದನ್ನು ಇಲ್ಲಿ ಎಳೆಯಬೇಡಿ.

ಬೋಟಿನ ಮಂಜಣ್ಣ:
ನಾನು ತಾಂಡೇಲ, ಮೀನಿನ ಬೋಟು ನಡೆಸುವವ. ನಮಗೆ ಮೊದಲು ಕಾಣುವುದು ಬಣ್ಣ. ಬಿಳಿ ಮೈ, ಓರೆಯಾಗಿ ನೀಲಿ ಪಟ್ಟೆ ಇದ್ದರೆ ಕೋಸ್ಟ್ ಗಾರ್ಡ್. ಬೂದು ಬಣ್ಣ ಇದ್ದರೆ ನೇವಿ. ಹತ್ತಿರ ಬಂದರೆ ನಂಬರ್. ಅಷ್ಟು ಹತ್ತಿರ ಬಂದರೆ ನಾವು ಓದುತ್ತಾ ಕೂರುವುದಿಲ್ಲ, ಬಲೆ ಎಳೆಯುವ ಗಡಿಬಿಡಿ.

ಸುರತ್ಕಲ್ ಹಾಸ್ಟೆಲ್:
ಮಂಜಣ್ಣ 👌 ನಾವಿಕ ಸರ್, ವಿಕ್ರಮಾದಿತ್ಯಕ್ಕೆ ಆರ್33, ವಿಕ್ರಾಂತ್‌ಗೆ ಆರ್11. ವಿಮಾನವಾಹಕಕ್ಕೆ ಆರ್ ಯಾಕೆ?

ಹಳೇ ನಾವಿಕ:
ಬ್ರಿಟಿಷರ ಪದ್ಧತಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಕ್ಷರಗಳನ್ನು ಹೊಸದಾಗಿ ಹಂಚಿದರು. ಸಿ ಕ್ರೂಸರಿಗೆ ಹೋಯಿತು, ಎ ಸಹಾಯಕ ಹಡಗುಗಳಿಗೆ, ವಾಹಕಕ್ಕೆ ಆರ್ ಬಂತು. ಡಿ ಡೆಸ್ಟ್ರಾಯರ್, ಎಫ್ ಫ್ರಿಗೇಟ್, ಎಲ್ ಸೈನಿಕರನ್ನು ದಡಕ್ಕಿಳಿಸುವ ಹಡಗು. ನಂಬರ್ ಹಡಗಿನ ಹುಟ್ಟುಗುರುತಲ್ಲ, ನೆನಪಿಡಿ. ನಮ್ಮ ವಾಹಕ ವಿರಾಟ್ ಬ್ರಿಟನ್ನಿನಲ್ಲಿ ಹರ್ಮೀಸ್ ಆಗಿದ್ದಾಗ ಆರ್12, ಇಲ್ಲಿಗೆ ಬಂದ ಮೇಲೆ ಆರ್22. ಐಎನ್‌ಎಸ್ ಮೈಸೂರು ಕ್ರೂಸರ್ ಆಗಿದ್ದಾಗ ಸಿ60, ಅದೇ ಹೆಸರಿನ ಈಗಿನ ಡೆಸ್ಟ್ರಾಯರ್ ಡಿ60. ಬ್ರಿಟನ್ನಿನ ಲ್ಯಾಂಕಾಸ್ಟರ್ ಫ್ರಿಗೇಟಿಗೆ ಮೊದಲು ಎಫ್232 ಅಂತ ಇತ್ತು. ಹಡಗು ನೆಲಕ್ಕೆ ತಾಗಿದರೆ ಅವರು ತುಂಬುವ ವರದಿ ಫಾರಂನ ನಂಬರ್ ಕೂಡ ಅದೇ! ಅಪಶಕುನ ಅಂತ ಎಫ್229 ಮಾಡಿದರು. ರಾಹುಕಾಲ ನೋಡುವವರು ನಾವು ಮಾತ್ರ ಅಲ್ಲ ನೋಡಿ.

ಕಾಪು ಲೈಟ್‌ಹೌಸ್:
ಅದಕ್ಕೇ ನಾನು ಆಕಾರ ನಂಬು ಅನ್ನುವುದು. ಅಕ್ಷರದಲ್ಲಿ ರಾಜಕೀಯ ಜಾಸ್ತಿ. ಜಪಾನಿನ ಇಜುಮೊ ನೋಡಿ. 248 ಮೀಟರ್ ಉದ್ದ, ಮೂತಿಯಿಂದ ಬಾಲದವರೆಗೆ ಚಪ್ಪಟೆ ಡೆಕ್, ಈಗ ಎಫ್-35ಬಿ ಯುದ್ಧವಿಮಾನ ಇಳಿಸಲಿಕ್ಕೆ ತಯಾರಿ. ಅದರ ಗುರುತು ಡಿಡಿಎಚ್-183, ಅಂದರೆ ಹೆಲಿಕಾಪ್ಟರ್ ಡೆಸ್ಟ್ರಾಯರ್. ಯುದ್ಧ ಬೇಡ ಅನ್ನುವ ಅವರ ಸಂವಿಧಾನದ 9ನೇ ವಿಧಿಯ ಕಾರಣ ವಾಹಕ ಅಂದುಬಿಟ್ಟರೆ ಗಲಾಟೆ.

ಸುರತ್ಕಲ್ ಹಾಸ್ಟೆಲ್:
ಆಕಾರ ನಂಬಿದರೆ ಅಮೆರಿಕದ ಹಡಗಿಗೆ ಏನಂತೀರಿ? ಎಲ್‌ಎಚ್‌ಎ-6 ಗುರುತಿನದು, ಅದರ ಹೆಸರೇ 'ಅಮೆರಿಕ'. 257 ಮೀಟರ್, ಸುಮಾರು 45 ಸಾವಿರ ಟನ್. ನಮ್ಮ ಹೊಸ ವಿಕ್ರಾಂತ್ 262 ಮೀಟರ್, ತೂಕವೂ ಹೆಚ್ಚುಕಡಿಮೆ ಅಷ್ಟೇ. ಆ ಅಮೆರಿಕನ್ ಹಡಗಿನಿಂದಲೂ ಎಫ್-35ಬಿ ಹಾರುತ್ತದೆ. ಆದರೂ ಅಮೆರಿಕದವರು ಅದನ್ನು ವಾಹಕಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಯಾಕಂದ್ರೆ ಅದರ ಮುಖ್ಯ ಕೆಲಸ ಮರೀನ್ ಸೈನಿಕರನ್ನು ಸಾಗಿಸುವುದು. ಆಕಾರ ಮಾತ್ರ ನೋಡಿದರೆ ನೀವು ತಪ್ಪುತ್ತೀರಿ, ಅಕ್ಷರ ನೋಡಿದರೆ ಕೆಲಸ ಗೊತ್ತಾಗುತ್ತದೆ.

ಕಾಪು ಲೈಟ್‌ಹೌಸ್:
ಯಾರ ಅಕ್ಷರ? ವಿಕ್ರಮಾದಿತ್ಯ ಮೊದಲು ಸೋವಿಯತ್ತಿನವರದ್ದು. ಅವರು ಅದನ್ನು ಏನಂತ ಕರೆಯುತ್ತಿದ್ದರು, ನಾವಿಕ ಸರ್ ಹೇಳಲಿ.

ಹಳೇ ನಾವಿಕ:
ವಿಮಾನ ಹೊರುವ ಭಾರೀ ಕ್ರೂಸರ್. ಕಪ್ಪು ಸಮುದ್ರದಲ್ಲಿ ಕಟ್ಟಿದ ಹಡಗು ಟರ್ಕಿಯ ಜಲಸಂಧಿ ದಾಟಬೇಕಲ್ವಾ? ಅಲ್ಲಿ ಯುದ್ಧಹಡಗುಗಳ ಓಡಾಟಕ್ಕೆ 1936ರ ಮಾಂಟ್ರೋ ಒಪ್ಪಂದ ನಡೆಯುತ್ತದೆ. ವಾಹಕ ಅಂದರೆ ತಕರಾರು. ಆದರೆ ಪೂರ್ತಿ ಸುಳ್ಳೂ ಅಲ್ಲ. ಅದರ ಮುಂಭಾಗದ ತುಂಬ ದೊಡ್ಡ ಕ್ಷಿಪಣಿ ಕೊಳವೆಗಳಿದ್ದವು. ನಾವು ಕೊಂಡ ಮೇಲೆ ಅವನ್ನೆಲ್ಲ ಕಿತ್ತು, ಬಾಗಿದ ಡೆಕ್ ಕೂರಿಸಿ, 2013ರ ನವೆಂಬರಿನಲ್ಲಿ ಸೇವೆಗೆ ತೆಗೆದುಕೊಂಡದ್ದು. ಅಂದರೆ ಅದೇ ಹಡಗಿನ ಆಕಾರವೂ ಬದಲಾಯಿತು, ಅಕ್ಷರವೂ ಬದಲಾಯಿತು. ಕಾನೂನು ಕೇಳುವುದೇ ಬೇರೆ. ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 29ನೇ ವಿಧಿ ಪ್ರಕಾರ ಯುದ್ಧಹಡಗಿಗೆ ಆ ದೇಶದ ಹೊರಗುರುತು ಇರಬೇಕು, ಸರ್ಕಾರ ನೇಮಿಸಿದ ಅಧಿಕಾರಿಯ ಕೈಯಲ್ಲಿರಬೇಕು, ಸಿಬ್ಬಂದಿ ಸೇನಾ ಶಿಸ್ತಿಗೆ ಒಳಪಟ್ಟಿರಬೇಕು. ಡೆಕ್ ಚಪ್ಪಟೆಯೋ ಉಬ್ಬೋ ಅಂತ ಅದು ಕೇಳುವುದಿಲ್ಲ.

ಸುರತ್ಕಲ್ ಹಾಸ್ಟೆಲ್:
ಹೊರಗುರುತು ಅಂದ್ರಲ್ಲ, ಅದರಲ್ಲಿ ಧ್ವಜವೂ ಬಂತು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ಸೇವೆಗೆ ಸೇರಿದ ದಿನವೇ ನೇವಿಯ ಧ್ವಜವೂ ಬದಲಾಯಿತು. ಕೆಂಪು ಶಿಲುಬೆ ಹೋಗಿ ನೀಲಿ ಎಂಟುಮೂಲೆಯ ಮುದ್ರೆ ಬಂತು. ಹಾಗಾಗಿ ಫೋಟೋದಲ್ಲಿ ಧ್ವಜ ಕಂಡರೆ ಅದು ಆ ದಿನಕ್ಕಿಂತ ಹಿಂದಿನದೋ ಮುಂದಿನದೋ ಅಂತಲೂ ಹೇಳಬಹುದು.

ಮಲ್ಪೆ ಹುಡುಗ:
ಎಲ್ಲ ಸರಿ, ನನ್ನ ಹಡಗಿನ ಕಥೆ ಎಂತ? ಫೋಟೋ ಹಾಕಿದ್ದೇನೆ ನೋಡಿ. ಮಸುಕು ಉಂಟು, ಆದರೂ ಗೋಪುರ ನಡುವೆ ಅಂತಲೇ ನನ್ನ ಹಠ.

ಕಾಪು ಲೈಟ್‌ಹೌಸ್:
ನೋಡಿದೆ. ಹಡಗು ಓರೆಯಾಗಿ ನಿಂತಿದೆ. ಓರೆಯಾದರೆ ಹಿಂದಿನ ಗೋಪುರವೂ ನಡುವೆ ಇದ್ದ ಹಾಗೆ ಕಾಣುತ್ತದೆ. ಎಡಗಡೆ ಸಣ್ಣ ಕಂಬಗಳ ಸಾಲು ಕಾಣ್ತಾ? ಅವು ಕ್ರೇನ್ ಅಂತ ನನಗೆ ಕಾಣುತ್ತದೆ. ಯುದ್ಧಹಡಗಿನ ರನ್‌ವೇ ಮೇಲೆ ಯಾರೂ ಕ್ರೇನ್ ಸಾಲು ನಿಲ್ಲಿಸುವುದಿಲ್ಲ.

ಮಲ್ಪೆ ಹುಡುಗ:
ಅವು ವಿಮಾನದ ಬಾಲ ಯಾಕಾಗಬಾರದು?

ಬೋಟಿನ ಮಂಜಣ್ಣ:
ಮೂರು ದಿನದಿಂದ ಅಲ್ಲೇ ಲಂಗರು ಹಾಕಿ ನಿಂತಿದೆಯಲ್ಲ, ಅದಾ? ನಿನ್ನೆ ಅದರ ಪಕ್ಕದಲ್ಲೇ ಬಂದೆ. ಕೆಂಪು ಹೊಟ್ಟೆ.

ಮಲ್ಪೆ ಹುಡುಗ:
ನೀವು ಹೇಳುವುದು ದಕ್ಷಿಣದ್ದು ಮಂಜಣ್ಣ. ನಾನು ನೋಡಿದ್ದು ದ್ವೀಪದ ಉತ್ತರಕ್ಕೆ.