ಬಾಡ್ ಟೋಲ್ಜ್‌ನಿಂದ ಮ್ಯೂನಿಕ್‌ಗೆ ತಿಂಗಳ ದಿನಸಿ ತರಲು: ಶನಿವಾರ ಹಾಳಾಗದ ಹಾಗೆ ಹೋಗಿಬರೋದು ಹೇಗೆ?

ಟೋಲ್ಜ್‌ವಾಸಿ:
ಮನೆ ಜರ್ಮನಿಯ ಬಾಡ್ ಟೋಲ್ಜ್ ಹತ್ತಿರ, ಕಾರಿಲ್ಲ. ತಿಂಗಳಿಗೊಂದು ಶನಿವಾರ ಇಬ್ಬರು ಮ್ಯೂನಿಕ್‌ಗೆ ಹೋಗಿ ಅಕ್ಕಿ, ತೊಗರಿಬೇಳೆ, ರಾಗಿ ಹಿಟ್ಟು, ಫ್ರೋಜನ್ ಕಾಯಿತುರಿ, ತಾಜಾ ತರಕಾರಿ ತರಬೇಕು. ಒಟ್ಟು ಭಾರ 30 ಕೆಜಿ ಮುಟ್ಟುತ್ತೆ. ಯಾವ ಟಿಕೆಟ್ ತಗೊಂಡರೆ ಲಾಭ? ರೈಲು ಕೈಕೊಟ್ಟರೆ ಏನು ದಾರಿ? ಯಾವ ಶನಿವಾರ ಹೋಗಲೇಬಾರದು?

ಗಾಲಿಚೀಲ:
ಕೊನೆಯ ಪ್ರಶ್ನೆಯಿಂದ ಶುರು ಮಾಡ್ತೀನಿ, ಜನ ಎಡವೋದು ಅಲ್ಲೇ. ಭಾನುವಾರ ಅಂಗಡಿ ಮುಚ್ಚಿರುತ್ತೆ ಅಂತ ಎಲ್ಲರಿಗೂ ಗೊತ್ತು. ಸರ್ಕಾರಿ ರಜೆಗೂ ಅದೇ ಕಾನೂನು ಅನ್ನೋದು ಮರೆತುಹೋಗುತ್ತೆ. 2026ರಲ್ಲಿ ಮೂರು ರಜೆ ಶನಿವಾರವೇ ಬಿದ್ದಿವೆ: ಆಗಸ್ಟ್ 15, ಅಕ್ಟೋಬರ್ 3, ಡಿಸೆಂಬರ್ 26. ಆಗಸ್ಟ್ 15 ನಮ್ಮ ಸ್ವಾತಂತ್ರ್ಯ ದಿನಕ್ಕಲ್ಲ, ಮೇರಿ ಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ. ನಮ್ಮ ಬವೇರಿಯಾ ರಾಜ್ಯದಲ್ಲೂ ಎಲ್ಲ ಊರಿಗೂ ಇಲ್ಲ, ಆದರೆ ಮ್ಯೂನಿಕ್‌ಗೆ ಇದೆ. ಬೇರೆ ರಾಜ್ಯದಲ್ಲಿರೋ ಗೆಳೆಯರು ‘ಇಲ್ಲಿ ತೆರೆದಿದೆ’ ಅಂದರೆ ನಂಬಿ ಹೊರಡಬೇಡಿ, ರಜೆಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಮ್ಯೂನಿಕ್‌ನ ಬಿಯರ್ ಜಾತ್ರೆ ಅಕ್ಟೋಬರ್‌ಫೆಸ್ಟ್ 2026ರಲ್ಲಿ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4. ಆ ಶನಿವಾರಗಳನ್ನೂ ಬಿಡಿ. ಮೈದಾನ ಇರೋದು ಮುಖ್ಯ ರೈಲು ನಿಲ್ದಾಣ ಹೌಪ್ಟ್‌ಬಾನ್‌ಹೋಫ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ. ನಿಮಗೆ ಬೇಕಾದ ದಿನಸಿ ಅಂಗಡಿಗಳ ಗೋಥೆ ಸ್ಟ್ರಾಸೆ, ಲ್ಯಾಂಡ್‌ವೆಹ್ರ್ ಸ್ಟ್ರಾಸೆಗಳಲ್ಲೇ ಜನ ತುಂಬಿ ಹರಿಯುತ್ತಾರೆ. ಗಾಲಿಚೀಲ ಎಳೆಯೋಕೆ ಜಾಗ ಇರಲ್ಲ, ಸ್ಟೇಷನ್ ಲಾಕರ್ ಸಿಗಲ್ಲ.

ರಜೆಯ ಹಿಂದಿನ ದಿನವೂ ಬೇಡ. ಮ್ಯೂನಿಕ್‌ನಲ್ಲಿ ಮಾಮೂಲಿ ದಿನವೇ ರಾತ್ರಿ 8ಕ್ಕೆ ಬಾಗಿಲು ಹಾಕುತ್ತಾರೆ, ಡಿಸೆಂಬರ್ 24ರಂದು ಮಧ್ಯಾಹ್ನ 2ಕ್ಕೇ.

ಹಳಿಬದಿ:
ಟಿಕೆಟ್ ವಿಷಯ. ತಿಂಗಳಿಗೆ ಒಂದೇ ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ (ದೇಶವಿಡೀ ಸ್ಥಳೀಯ ರೈಲು, ಬಸ್ಸಿಗೆ ನಡೆಯುವ ತಿಂಗಳ ಪಾಸ್) ದಂಡ. 2026ರ ಜನವರಿಯಿಂದ ಅದು ತಲೆಗೆ 63 ಯೂರೋ, ಜೊತೆಗೆ ಚಂದಾ ಲೆಕ್ಕ: ಆ ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕಟ್ಟಬೇಕು. ಇಬ್ಬರಿಗೂ ಸೇರಿ ಒಂದೇ ಬಾಯರ್ನ್ ಟಿಕೆಟ್ (ಬವೇರಿಯಾದೊಳಗಿನ ಒಂದು ದಿನದ ಟಿಕೆಟ್) ಸಾಕು. ವಾರದ ದಿನಗಳಲ್ಲಿರುವ ‘ಬೆಳಿಗ್ಗೆ 9ರ ನಂತರವೇ’ ಅನ್ನೋ ಕಟ್ಟುಪಾಡು ಶನಿವಾರ ಇಲ್ಲ, ಮಾರನೇ ದಿನ ಬೆಳಗಿನ ಜಾವ 3ರ ತನಕ ಓಡಾಡಬಹುದು, ಊರೊಳಗಿನ ಯೂಬಾನ್ (ಮೆಟ್ರೋ), ಟ್ರಾಮ್, ಬಸ್ಸಿಗೂ ಅದೇ ನಡೆಯುತ್ತೆ. ಟಿಕೆಟ್ ಮೇಲೆ ಹೆಸರು ಬರೆಯೋದು ಮರೆಯಬೇಡಿ. ಬಾಡ್ ಟೋಲ್ಜ್ ಈಗ ಎಂವಿವಿ (ಮ್ಯೂನಿಕ್ ಸಾರಿಗೆ ಒಕ್ಕೂಟ) ವ್ಯಾಪ್ತಿಯಲ್ಲೇ ಇರೋದರಿಂದ ಅವರ ಗ್ರೂಪ್ ಡೇ ಟಿಕೆಟ್ ದರವನ್ನೂ ಪಕ್ಕದಲ್ಲಿಟ್ಟು ನೋಡಿ, ಯಾವುದು ಕಮ್ಮಿಯೋ ಅದು.

ಇನ್ನು ರೈಲು. ಮ್ಯೂನಿಕ್‌ನಿಂದ ವಾಪಸ್ ಬರುವ ಬಿಆರ್‌ಬಿ (ಈ ಭಾಗದ ಪ್ರಾದೇಶಿಕ ರೈಲು ಕಂಪನಿ) ಗಾಡಿ ದಾರಿಯಲ್ಲಿ ಹೋಳಾಗುತ್ತೆ. ಹೋಲ್ಜ್‌ಕಿರ್ಶೆನ್‌ನಲ್ಲಿ ಒಂದು ಭಾಗ ಬೈರಿಶ್‌ಜೆಲ್ ಕಡೆ ಕಳಚಿಕೊಳ್ಳುತ್ತೆ, ಶಾಫ್ಟ್‌ಲಾಖ್‌ನಲ್ಲಿ ಇನ್ನೊಂದು ಟೇಗರ್ನ್‌ಜೇ ಕಡೆ. ನಿಮ್ಮದು ಬಾಡ್ ಟೋಲ್ಜ್ ಮೂಲಕ ಹೋಗುವ ಲೆಂಗ್ರೀಸ್ ಭಾಗ. ಪ್ಲಾಟ್‌ಫಾರ್ಮ್ ಬೋರ್ಡಲ್ಲಿ ಮೂರೂ ಹೆಸರು ಒಟ್ಟಿಗೇ ಇರುತ್ತವೆ, ಅದನ್ನು ನೋಡಿ ಹತ್ತಿದರೆ ಕೆಟ್ಟಿರಿ. ಬೋಗಿಯ ಮೇಲೇ ಇರುವ ಡಿಸ್‌ಪ್ಲೇ ಓದಿ ಹತ್ತಿ. ಒಂದು ಭಾಗದಿಂದ ಇನ್ನೊಂದಕ್ಕೆ ಒಳಗಿಂದ ದಾಟೋಕೆ ಆಗಲ್ಲ, ಇಳಿದು ಪ್ಲಾಟ್‌ಫಾರ್ಮ್ ಮೇಲೆ ಚೀಲ ಸಮೇತ ಓಡಬೇಕು. ಹೌಪ್ಟ್‌ಬಾನ್‌ಹೋಫ್‌ನಲ್ಲಿ ಈ ಗಾಡಿಗಳು ಸಾಮಾನ್ಯವಾಗಿ 27ರಿಂದ 36ನೇ ಹಳಿಗಳಿರುವ ಪಕ್ಕದ ಭಾಗದಿಂದ ಹೊರಡುತ್ತವೆ. ಮುಖ್ಯ ಹಾಲ್‌ನಿಂದ ಅಲ್ಲಿಗೆ ಭಾರ ಎಳೆದುಕೊಂಡು ಹೋಗೋಕೆ 10 ನಿಮಿಷ ಇಟ್ಟುಕೊಳ್ಳಿ.

ನಿಮ್ಮ ಪುಣ್ಯಕ್ಕೆ ಚಾರಣದವರು, ಸ್ಕೀಯವರು ಬೆಳಿಗ್ಗೆ ಮ್ಯೂನಿಕ್‌ನಿಂದ ಬೆಟ್ಟದ ಕಡೆ, ಸಂಜೆ ಅಲ್ಲಿಂದ ವಾಪಸ್. ನೀವು ಎರಡು ಹೊತ್ತೂ ಅವರ ಎದುರು ದಿಕ್ಕು, ಸೀಟಿಗೆ ತೊಂದರೆಯಿಲ್ಲ. ನಿಜವಾದ ತಲೆನೋವು ಹಳಿ ರಿಪೇರಿ. ಅದನ್ನು ವಾರಾಂತ್ಯಕ್ಕೇ ಇಟ್ಟುಕೊಂಡು ರೈಲಿನ ಬದಲು ಬಸ್ ಓಡಿಸೋದು ಹೆಚ್ಚು. ರೈಲ್ವೆಯ ಆ್ಯಪ್ ಡಿಬಿ ನ್ಯಾವಿಗೇಟರ್‌ನಲ್ಲಿ ಹೋಗುವ ತಾರೀಖನ್ನೇ ಹಾಕಿ ಗುರುವಾರ ಒಮ್ಮೆ, ಹೊರಡುವ ಮುಂಚೆ ಒಮ್ಮೆ ನೋಡಿ. ಎಸ್‌ಇವಿ ಅಂತ ಕಂಡರೆ ಅದೇ ಬದಲಿ ಬಸ್. ಅದರ ನಿಲ್ದಾಣ ಸ್ಟೇಷನ್ ಬಾಗಿಲಲ್ಲೇ ಇರುತ್ತೆ ಅಂತಿಲ್ಲ. ಅಂಥ ವಾರ ಇದ್ದರೆ ತಾರೀಖು ಬದಲಿಸೋದೇ ಲೇಸು.

ಎಚ್ಚರ: ರೈಲು ತಡವಾದರೆ ವೇಗದ ದೂರದ ರೈಲು ಐಸಿಇ ಹತ್ತಬಹುದು ಅನ್ನೋ ಅನುಕೂಲ ಡಾಯ್ಚ್‌ಲಾಂಡ್ ಟಿಕೆಟ್‌ಗೂ ಇಲ್ಲ, ಬಾಯರ್ನ್ ಟಿಕೆಟ್‌ಗೂ ಇಲ್ಲ.

ಬೇಳೆಕಟ್ಟು:
ಮೇಲಿನದ್ದೆಲ್ಲ ಸರಿ, ಆದರೆ 30 ಕೆಜಿ ಹೊರೋದೇ ತಪ್ಪು ಲೆಕ್ಕ. ಅಕ್ಕಿ, ಬೇಳೆ, ಹಿಟ್ಟು ಕೆಡೋ ವಸ್ತುಗಳಲ್ಲ, ಆನ್‌ಲೈನ್ ತರಿಸಿ. ಡಿಎಚ್‌ಎಲ್ ಪಾರ್ಸೆಲ್ 31.5 ಕೆಜಿ ತನಕ ತಗೊಳ್ಳುತ್ತೆ. ಹಾಗಂತ ಒಂದೇ ಡಬ್ಬಿಯಲ್ಲಿ 28 ಕೆಜಿ ತುಂಬಿಸಬೇಡಿ. ಮನೇಲಿ ಯಾರೂ ಇಲ್ಲ ಅಂದರೆ ಅದು ಪೋಸ್ಟ್ ಅಂಗಡಿಗೆ ಹೋಗುತ್ತೆ, ಅಲ್ಲಿಂದ ಹೊತ್ತು ತರೋರು ನೀವೇ. 12-13 ಕೆಜಿಯ ಎರಡು ಆರ್ಡರ್ ಮಾಡಿ, ಪಕ್ಕದ ಮನೆಯವರನ್ನು ಕೇಳಿ ಅವರ ಹೆಸರನ್ನು ಡಿಎಚ್‌ಎಲ್ ಆ್ಯಪ್‌ನಲ್ಲಿ ಮೊದಲೇ ಕೊಟ್ಟಿಡಿ.

ಮ್ಯೂನಿಕ್‌ಗೆ ಹೋಗೋದು ತಾಜಾ ಸೊಪ್ಪು, ತರಕಾರಿ, ಫ್ರೋಜನ್‌ಗೆ ಮಾತ್ರ. ನಮ್ಮ ಅಂಗಡಿಗಳಿಗೆ ತರಕಾರಿ ಬರೋದು ವಾರದ ಗೊತ್ತಾದ ದಿನ. ಫೋನ್ ಮಾಡಿ ಯಾವ ದಿನ ಅಂತ ಕೇಳಿ, ಶುಕ್ರವಾರ ಅಂದರೆ ಶನಿವಾರ ಬೆಳಿಗ್ಗೆ 10ಕ್ಕೆ ಅಲ್ಲಿರಿ. ಮಧ್ಯಾಹ್ನ ಉಳಿಯೋದು ಬಾಡಿದ್ದು. ಬೆಂಡೆಕಾಯಿ, ಕೊತ್ತಂಬರಿ, ಪುದೀನ ಟರ್ಕಿಯವರ ಅಂಗಡೀಲಿ ದೊಡ್ಡ ಕಟ್ಟು ಸಿಗುತ್ತೆ, ಅವನ್ನು ಅಲ್ಲೇ ತಗೊಳ್ಳಿ.

50 ಯೂರೋ ನಗದು, ತಳ್ಳುಗಾಡಿಗೆ 1 ಯೂರೋ ನಾಣ್ಯ ಜೇಬಲ್ಲಿರಲಿ. ಚಿಕ್ಕ ಅಂಗಡಿಗಳು ಜಿರೋಕಾರ್ಡ್ (ಜರ್ಮನ್ ಬ್ಯಾಂಕಿನ ಡೆಬಿಟ್ ಕಾರ್ಡ್) ತಗೊಂಡರೂ ವೀಸಾ, ಮಾಸ್ಟರ್‌ಕಾರ್ಡ್ ಬೇಡ ಅನ್ನೋದುಂಟು.

ಟೋಲ್ಜ್‌ವಾಸಿ:
ಭಾರ ಪಾರ್ಸೆಲ್‌ಗೆ ಬಿಟ್ಟೆ. ಬಾಯರ್ನ್ ಟಿಕೆಟ್, ಎಂವಿವಿ ಎರಡರ ದರವನ್ನೂ ನೋಡ್ತೀನಿ. ಕಾಯಿತುರಿ ರೈಲಲ್ಲಿ ಕರಗಲ್ವಾ?

ಬೇಳೆಕಟ್ಟು:
ಅಂಗಡಿ ಸುತ್ತಾಟದಲ್ಲಿ ಅದನ್ನು ಕೊನೆಗೆ ಇಟ್ಟುಕೊಳ್ಳಿ, ನೇರ ರೈಲಿಗೆ ಹೋಗುವ ಮುಂಚೆ. ಕೂಲ್ ಬ್ಯಾಗ್‌ನಲ್ಲಿ ಪ್ಯಾಕೆಟ್‌ಗಳನ್ನು ಒತ್ತೊತ್ತಾಗಿ ಜೋಡಿಸಿ, ಸುತ್ತ ಐಸ್ ಪ್ಯಾಕ್, ಸಂದಿಗೆ ಟವೆಲ್ ತುರುಕಿ. ಒಳಗೆ ಖಾಲಿ ಜಾಗ ಬಿಟ್ಟಷ್ಟೂ ಬೇಗ ಕರಗೋದು. ಲಾಕರ್‌ನಲ್ಲಿ ಮಾತ್ರ ಇಡಬೇಡಿ, ಬೇಸಿಗೆಯಲ್ಲಿ ಒಳಗೆ ಕಾವು. ಮನೆಗೆ ಬಂದಾಗ ಪ್ಯಾಕೆಟ್ ಅಂಚು ಮೆತ್ತಗಾಗಿ ನಡು ಗಟ್ಟಿಯಿದ್ದರೆ ತಕ್ಷಣ ಫ್ರೀಜರ್‌ಗೆ ಹಾಕಿ. ಪೂರ್ತಿ ಮೆತ್ತಗಾಗಿದ್ದರೆ ಮತ್ತೆ ಗಟ್ಟಿ ಮಾಡೋಕೆ ಹೋಗಬೇಡಿ, ಅವತ್ತೇ ಪಲ್ಯಕ್ಕೋ ಚಟ್ನಿಗೋ ಬಳಸಿಬಿಡಿ.